ಸೇಫ್ಟಿ ಪಿನ್ನಿನ ಸುಳ್ಳು

"ಕಣ್ಣು ಮುಚ್ಚಿ. ಚೂಪೋ, ಮೊಂಡೋ ಹೇಳಿ."

"ಪಿನ್ ಹಿಡ್ಕೊಂಡೇ ಪರಿಚಯ ಮಾಡ್ಕೋತೀರಾ, ಮೇಡಂ?"

ಔಷಧ ಪ್ರಯೋಗದ ಪರೀಕ್ಷಕಿ ನೊರೀನ್‌ಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು!

ಹಾರ್ಲನ್ ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ ಪಂದ್ಯದ ಕುದುರೆಗಳನ್ನು ಪಳಗಿಸುತ್ತಿದ್ದವನು. ಒಂದು ಕುದುರೆ ಎತ್ತಿ ಒಗೆದಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಅರಿವೇ ಇರಲಿಲ್ಲ.

"ನಮ್ಮಜ್ಜಿ ನುಂಗ್ತಿದ್ದ ಬಿ.ಪಿ. ಮಾತ್ರೆ ನನ್ನ ಕಾಲು ಎಬ್ಬಿಸುತ್ತಾ?"

"ಅದನ್ನೇ ನೋಡ್ತಿರೋದು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಬರೀ ಸಕ್ಕರೆ ಗುಳಿಗೆ. ಯಾರಿಗೆ ಯಾವುದು ಅಂತ ಆರು ತಿಂಗಳು ನನಗೂ ಗೊತ್ತಿರಲ್ಲ."

ವಾರಕ್ಕೊಮ್ಮೆ ಅವನ ಕಾಲಿಗೆ ಪಿನ್ನಿನ ಮೊನೆಯನ್ನೋ ತಲೆಯನ್ನೋ ಒತ್ತುವುದು ಅವಳ ಕೆಲಸ. ಎರಡನೇ ತಿಂಗಳಿಗೆ ಉತ್ತರಗಳು ಸರಿಯಾಗತೊಡಗಿದವು. ತೊಡೆ, ಮೊಣಕಾಲು, ಪಾದ...

'ದೇವರೇ, ಇವನು ನಡೀತಾನೆ!' ನೊರೀನ್ ಕಾರಿನಲ್ಲಿ ಕೂತು ಅತ್ತಳು. ಅವನನ್ನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ಅಂದೇ ತಿಳಿಯಿತು.

ಮೂರನೇ ತಿಂಗಳು ಹಾರ್ಲನ್ ಜೋಕ್ ಹೇಳುತ್ತಾ ಬಿಸಿ ಕಾಫಿಯನ್ನು ತೊಡೆಯ ಮೇಲೆ ಚೆಲ್ಲಿಕೊಂಡ. ಅವನಿಗೆ ಗೊತ್ತೇ ಆಗಲಿಲ್ಲ! ನಗುತ್ತಲೇ ಇದ್ದ.

ನೊರೀನ್ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿದಳು. ಅನುಮಾನ ಮಾತ್ರ ಹೋಗಲಿಲ್ಲ.

ಮುಂದಿನ ವಾರ ಅವನು ಕಣ್ಣು ಮುಚ್ಚಿದಾಗ ಪಿನ್ ತಾಗಿಸಲೇ ಇಲ್ಲ. ಸುಮ್ಮನೆ ಉಸಿರು ಬಿಗಿಹಿಡಿದಳು.

"ಚೂಪು!" ಎಂದ ಹಾರ್ಲನ್.

ಮೊನೆ ಒತ್ತುವಾಗಲೆಲ್ಲ ಅವನಿಗೆ ನೋವಾದೀತೆಂದು ಅವಳು ಉಸಿರು ಹಿಡಿಯುತ್ತಿದ್ದಳು. ಅವನು ಅದನ್ನು ಕೇಳಿಸಿಕೊಂಡೇ ಉತ್ತರ ಹೇಳುತ್ತಿದ್ದ!

ನೊರೀನ್ ಅವನಿಗೆ ಏನೂ ಹೇಳಲಿಲ್ಲ. ಪ್ರಯೋಗ ನಡೆಸುತ್ತಿದ್ದ ಡಾಕ್ಟರಿಗೆ ಎಲ್ಲ ಬರೆದುಕೊಟ್ಟು, ಪರೀಕ್ಷೆಗೆ ಬೇರೆಯವರನ್ನು ಹಾಕಿ ಎಂದಳು. ಹಾರ್ಲನ್ನನ ಫೋನನ್ನೂ ಎತ್ತಲಿಲ್ಲ. ಹೊಸ ಪರೀಕ್ಷಕರು ಅವನ ಹಾಳೆಯ ತುಂಬ ಸೊನ್ನೆ ಬರೆದರು.

ಆರು ತಿಂಗಳು ಮುಗಿದು, ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟು ಬಯಲಾದ ಮರುದಿನ ಬೆಳಿಗ್ಗೆ, ಕುದುರೆ ಓಡಿಸುವ ಬಯಲಿನ ಬೇಲಿ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದವನನ್ನು ಅವಳು ಹುಡುಕಿಕೊಂಡು ಬಂದಳು.

"ಸಕ್ಕರೆ ಅಲ್ವಂತೆ," ಎಂದ ಅವನು ತಿರುಗದೆ. "ನಿಜವಾದ ಮಾತ್ರೆನೇ ತಿಂದಿದ್ದಂತೆ. ಸಕ್ಕರೆಯಾಗಿರಲಪ್ಪಾ ಅಂತ ಬೇಡ್ಕೊಂಡಿದ್ದೆ... ಆಗ ನಿಜವಾದ ಮಾತ್ರೆ ಮೇಲೆ ಒಂದು ಆಸೆಯಾದ್ರೂ ಉಳೀತಿತ್ತು."

"ನನಗ್ಯಾಕೆ ಸುಳ್ಳು ಹೇಳ್ದೆ?"

"ಸರಿಯಾಗಿ ಹೇಳಿ ಕಣ್ಣು ಬಿಟ್ರೆ ನಿನ್ನ ಮುಖ ಅರಳಿರ್ತಿತ್ತು. ಅದನ್ನ ನೋಡೋಕೆ. ನಾನು ನಡೆಯಲ್ಲ ಅಂತ ಗೊತ್ತಾದ್ಮೇಲೆ ಬಿಟ್ಟೋದೆಯಲ್ಲ!"

"ಥೂ, ದಡ್ಡ! ಪರೀಕ್ಷೆ ಮಾಡೋಳಿಗೆ ಪ್ರೀತಿ ಹುಟ್ಟಿದ್ರೆ ಫಲಿತಾಂಶ ಕೆಡುತ್ತೆ. ನಿನ್ನದಷ್ಟೇ ಅಲ್ಲ, ನಿನ್ನ ಹಾಗೆ ಕೂತಿರೋ ಎಲ್ಲರದ್ದೂ. ಅದಕ್ಕೇ ಹೋದೆ!"

ಹಾರ್ಲನ್ ಈಗ ತಿರುಗಿದ.

ಅವಳು ಮಂಡಿಯೂರಿ ಪಿನ್ ತೆಗೆದಳು. "ಕಣ್ಣು ಮುಚ್ಚು."

ಒಂದೇ ಸಮನೆ ಉಸಿರಾಡುತ್ತ ಮೊಣಕಾಲಿಗೆ ಒತ್ತಿದಳು. "ಚೂಪೋ, ಮೊಂಡೋ?"

ಅವನು ಅವಳ ಉಸಿರಿಗೆ ಕಿವಿಗೊಟ್ಟ.

"ಗೊತ್ತಾಗ್ತಿಲ್ಲ, ನೊರೀನ್... ಏನೂ ಗೊತ್ತಾಗ್ತಿಲ್ಲ."

ಅವನು ಅವಳಿಗೆ ಕೊಟ್ಟ ಮೊದಲ ನಿಜವಾದ ಉತ್ತರ ಅದು. ಅವಳು ಪಿನ್ ಮುಚ್ಚಿ, ಅವನ ಒದ್ದೆ ಕೆನ್ನೆಯ ಮೇಲೆ ಅಂಗೈ ಇಟ್ಟಳು.

"ಇದು?"

"ಇದು ಗೊತ್ತಾಗ್ತಿದೆ. ತಣ್ಣಗಿದೆ."

"ಚಳಿ ಕಣೋ. ಬಾ, ಕಾಫಿ ಕುಡಿಯೋಣ."

"ಲೋಟ ನೀನೇ ಹಿಡ್ಕೋ."

"ಹಿಡ್ಕೋತೀನಿ."