ಅಕ್ಕನ ಮುಖಕ್ಕೆ ಹಾಸಿದ ಟೆಕ್ಸ್ಚರ್

"ಗೋಡೆಗೆ ಹಾಕು, ಪರದೆಗೆ ಹಾಕು, ಬಟ್ಟೆಗೆ ಬೇಕಾದ್ರೂ ಹಾಕು. ಮುಖಕ್ಕೆ ಮಾತ್ರ ಬೇಡಮ್ಮಾ. ಆ ಒಂದು ಟೆಕ್ಸ್ಚರ್ ಯಾರ ಮುಖದ ಮೇಲೂ ಉಳೀಬಾರದು."

ಇದನ್ನು ಹೇಳುವಾಗ ಫ್ರೇಮ್ ತಾತ ಕೈಯಲ್ಲಿದ್ದ ಅಂಟಿನ ಬ್ರಷ್ಷನ್ನು ಕೆಳಗಿಟ್ಟ. ನಲವತ್ತು ವರ್ಷದಿಂದ ಅದೇ ಸ್ಟುಡಿಯೋದಲ್ಲಿ ಮದುವೆ ಫೋಟೋಗಳಿಗೆ ಕಟ್ಟು ಹಾಕುತ್ತಾ ಬಂದ ಮುದುಕ. ಕೇಳಿಸಿಕೊಂಡವಳು ಎಡಿಟಿಂಗ್ ಕೆಲಸಕ್ಕೆ ಸೇರಿ ತಿಂಗಳೂ ಆಗದ ಹುಡುಗಿ. ಮನೆಯಲ್ಲಿ ಅವಳನ್ನು ಪಟಾಕಿ ಎಂದು ಕರೆಯುತ್ತಿದ್ದರು. ಬಾಯಿ ಅಂಥದ್ದು. ಹೆಸರು ಅವಳ ಬೆನ್ನಿಗೇ ಸ್ಟುಡಿಯೋಗೂ ಬಂದಿತ್ತು.

"ಹಾಕಿದ್ರೆ ಏನಾಗತ್ತೆ ತಾತ? ಮೊಡವೆ ಏಳತ್ತಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ತಾತ ನಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದ. ಹಿಂದೆ ಇದೇ ಸ್ಟುಡಿಯೋದಲ್ಲಿ ವಧೂವರರ ಹಿಂದೆ ಕಟ್ಟುವ ಪರದೆಗೆ ಬಣ್ಣ ಬರೆಯುವ ಹೆಂಗಸೊಬ್ಬಳಿದ್ದಳಂತೆ. ಅವಳಿಗೆ ಮಾತು ಕೊಟ್ಟಿದ್ದ ಗಂಡಸು ಬೇರೊಬ್ಬಳನ್ನು ಮದುವೆಯಾಗಿ, ಫೋಟೋ ತೆಗೆಸಲು ಇಲ್ಲಿಗೇ ಬಂದನಂತೆ. 'ಇವಳ್ಯಾರು?' ಎಂದು ಹೆಂಡತಿ ಕೇಳಿದ್ದಕ್ಕೆ 'ಯಾರೋ, ನಾನು ನೋಡೇ ಇಲ್ಲ' ಎಂದನಂತೆ. ಆ ಹೆಂಗಸು ನೇರ ಮಾಟಗಾರನ ಹತ್ತಿರ ಹೋದಳು. ಅವನು ಕೊಟ್ಟ ಬೂದಿಯನ್ನು ಬಣ್ಣದ ಎಣ್ಣೆಗೆ ಕಲಸಿ, ಪರದೆಯ ಮೇಲೆ ತನ್ನದೇ ಮುಖ ಬರೆದು, ಅಂಗೈಯಿಂದ ಅಳಿಸಿ ಹಾಕಿದಳು. 'ನನ್ನನ್ನು ಮರೆತ ಹಾಗೆ ಇದರ ಕೆಳಗೆ ಬಂದ ಮುಖವನ್ನು ಎಲ್ಲರೂ ಮರೆಯಲಿ' ಎಂದಳಂತೆ.

"ಪರದೆ ಸುಟ್ಟಾಯ್ತು. ಅದಕ್ಕೂ ಮುಂಚೆ ಯಾರೋ ಅದರ ಫೋಟೋ ತೆಗೆದು, ಈ ಟೆಕ್ಸ್ಚರ್ ಮಾಡಿ ಕಂಪ್ಯೂಟರಿಗೆ ಹಾಕಿಬಿಟ್ಟಿದ್ದರು. ನಿನ್ನ ಕುರ್ಚೀಲಿ ನಿನಗಿಂತ ಮುಂಚೆ ಕೂತಿದ್ದೋರು."

"ಅವರ ಹೆಸರು?"

"ಅದೇ ಬರ್ತಿಲ್ಲಮ್ಮ ನೆನಪಿಗೆ," ಎಂದು ತಾತ ಹಣೆ ಒತ್ತಿಕೊಂಡ.

ಪಾಪ, ವಯಸ್ಸಾಯಿತು, ನಟ್ಟು ಸ್ವಲ್ಪ ಸಡಿಲ ಎಂದುಕೊಂಡು ಪಟಾಕಿ ತನ್ನ ಕತ್ತಲೆ ಕೋಣೆ ಸೇರಿಕೊಂಡಳು. ಕಂಪ್ಯೂಟರ್ ಪರದೆಯ ಬಣ್ಣ ಸರಿಯಾಗಿ ಕಾಣಲೆಂದು ಆ ಕೋಣೆಯ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಮಟಮಟ ಮಧ್ಯಾಹ್ನವೂ ಅಲ್ಲಿ ಕಗ್ಗತ್ತಲೆ.

ಅವಳ ಕೆಲಸ ಏನೆಂದರೆ, ಮದುವೆ ಫೋಟೋ ಹಳೆಯ ತೈಲಚಿತ್ರದಂತೆ ಕಾಣುವಂತೆ ಮಾಡುವುದು. ಕ್ಯಾನ್ವಾಸಿನ ನೆಯ್ಗೆ, ಒಣಗಿ ಬಿರಿದ ಬಣ್ಣ, ಬ್ರಷ್ಷಿನ ಗೆರೆ, ಇಂಥ ಯಾವುದಾದರೊಂದು ಟೆಕ್ಸ್ಚರನ್ನು ಫೋಟೋದ ಮೇಲೆ ತೆಳುವಾಗಿ ಹಾಸುತ್ತಾರೆ. ಆಮೇಲೆ ಮುಖಗಳ ಮೇಲಿಂದ ಅದನ್ನು ಒರೆಸಿ ತೆಗೆಯುತ್ತಾರೆ. ಇಲ್ಲದಿದ್ದರೆ ಚೆಂದದ ಮದುಮಗಳು ಸುಣ್ಣ ಕಿತ್ತ ಗೋಡೆಯಾಗುತ್ತಾಳೆ. ಆದರೆ ತಾತ ಬೇಡವೆಂದ ಆ ಟೆಕ್ಸ್ಚರ್ ಹಾಗಿರಲಿಲ್ಲ. ಮುಖದ ಮೇಲೆ ಅದು ಚರ್ಮದಂತೆ ಕೂರುತ್ತಿತ್ತು.

ಆ ವಾರ ಅವಳ ಮುಂದಿದ್ದದ್ದು ಸ್ವಂತ ಅಕ್ಕನ ಮದುವೆಯ ಫೋಟೋಗಳು. ಅಪ್ಪ ಹೋದ ಮೇಲೆ ಅಮ್ಮ ದುಡಿಯಲು ಹೊರಟಾಗ ಇವಳ ಜಡೆ ಹೆಣೆದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ಇವಳ ಬಾಯಿಂದಾದ ರಾಮಾಯಣಕ್ಕೆಲ್ಲ ಬೀದಿಯವರ ಮುಂದೆ ಕೈಮುಗಿದು ನಿಂತವಳು ಅಕ್ಕ. ಅಂಥವಳಿಗೆ ಆಲ್ಬಂ ಇವಳದೇ ಉಡುಗೊರೆ. ಭಾವ ಮೊದಲೇ ಹೇಳಿದ್ದ: "ನನ್ನ ಮುಖ ನೈಸಾಗಿರಲಿ ಪಟಾಕಿ, ಗೀರು ಗೀಚು ಬೇಡ." ತಾತ ಬೇಡವೆಂದ ಟೆಕ್ಸ್ಚರನ್ನೇ ಎಲ್ಲ ಫೋಟೋಗೂ ಹಾಸಿ, ಅವನ ಮುಖದಿಂದ ಒರೆಸಿದಳು. ಅಮ್ಮನ ಮುಖದಿಂದ ಒರೆಸಿದಳು. ಅಕ್ಕತಂಗಿಯರು ಕೆನ್ನೆಗೆ ಕೆನ್ನೆ ಒತ್ತಿ ನಿಂತ ಫೋಟೋದಲ್ಲಿ, ವಯಸ್ಸಾದಂತೆ ಕಾಣುತ್ತದೆಂದು, ತನ್ನ ಮುಖದಿಂದಲೂ ಒರೆಸಿದಳು. ಅಕ್ಕನ ಮುಖದ ಮೇಲೆ ಮಾತ್ರ ಬಿಟ್ಟಳು. ಅಕ್ಕ ರಾಣಿಯಂತೆ ಕಾಣುತ್ತಿದ್ದಳು.

ಒಂದೊಂದೇ ಫೋಟೋದ ಪದರಗಳನ್ನು, ಅಂದರೆ ಲೇಯರುಗಳನ್ನು, ಕೂಡಿಸಿ ಮೂಲದ ಮೇಲೆಯೇ ಸೇವ್ ಮಾಡಿದಳು. ಇನ್ನು ಆ ಟೆಕ್ಸ್ಚರನ್ನು ಫೋಟೋದಿಂದ ಬೇರೆ ಮಾಡಲಾಗುತ್ತಿರಲಿಲ್ಲ. ಕ್ಯಾಮೆರಾದ ಕಾರ್ಡುಗಳನ್ನು ಆಗಲೇ ಅಳಿಸಿ ಬೇರೆ ಮದುವೆಗೆ ಕೊಟ್ಟಾಗಿತ್ತು. ಕೂಡಿಸದೆ ಉಳಿದದ್ದು ಅಕ್ಕತಂಗಿಯರ ಆ ಒಂದೇ ಫೋಟೋ. ಅದರಲ್ಲಿ ಕೂದಲಂಚಿನ ಕೆಲಸ ಬಾಕಿಯಿತ್ತು. ಕೊನೆಯ ಸೇವ್ ಒತ್ತಿದಾಗ ಕೋಣೆಯಲ್ಲಿ ಹಸಿ ಬಣ್ಣದೆಣ್ಣೆಯ ಕಮಟು ವಾಸನೆ ಎದ್ದಿತು. ತಾತನ ವಾರ್ನಿಶ್ ಇರಬೇಕೆಂದುಕೊಂಡಳು.

ಆಲ್ಬಂ ತಲುಪಿದ ಮೂರನೆಯ ದಿನ ಅಕ್ಕನ ಫೋನು.

"ಇವರು ನನ್ನ ನೋಡಿ 'ಯಾರು ನೀವು' ಅಂತಿದಾರೆ ಕಣೇ. ತಮಾಷೆ ಅಂದ್ಕೊಂಡೆ. ಅಲ್ಲ. ಅತ್ತೇನೂ ಹಾಗೇ ಅಂತಿದಾರೆ. ನನಗೆ ಭಯ ಆಗ್ತಿದೆ."

ಮಾರನೆಯ ಬೆಳಗ್ಗೆ ಆ ಮನೆಯವರು ಅಕ್ಕನ ಬ್ಯಾಗನ್ನು ಬಾಗಿಲಾಚೆ ಇಟ್ಟಿದ್ದರು. ಬಯ್ಯಲೂ ಇಲ್ಲ. ಗುರುತಿಲ್ಲದ ಹೆಣ್ಣುಮಗಳಿಗೆ ಹೇಳುವಂತೆ, ನಯವಾಗಿ, ದಾರಿ ತಪ್ಪಿ ಬಂದಿದ್ದೀರಿ ಎಂದರಂತೆ. ಅಕ್ಕ ತವರಿಗೆ ಬಂದಳು. ಬಾಗಿಲು ತೆರೆದ ಅಮ್ಮ, "ಯಾರು ಬೇಕಿತ್ತಮ್ಮಾ?" ಎಂದಳು.

ಪಟಾಕಿ ಒಳಗಿಂದ ಓಡಿಬಂದಳು. "ಅಮ್ಮಾ, ಅಕ್ಕ ಕಣಮ್ಮಾ!"

"ಯಾವ ಅಕ್ಕ? ನನಗಿರೋಳು ನೀನೊಬ್ಬಳೇ ಅಲ್ವೇನೇ?"

ಅಕ್ಕ ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು ಅಮ್ಮನ ಕಾಲಿನ ಕಡೆ ನೋಡುತ್ತಾ ಅತ್ತಳು. ಅಮ್ಮ ಪಾಪವೆನಿಸಿ ನೀರು ತಂದುಕೊಟ್ಟಳು. ಆಗ ಪಟಾಕಿಗೆ ತಾತನ ಮಾತು ನೆನಪಾಯಿತು. ಅಕ್ಕನ ಕೈಹಿಡಿದು ಸ್ಟುಡಿಯೋಗೆ ಓಡಿದಳು.

ಅಕ್ಕನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ತಾತನ ಮುಂದೆ ನಿಂತಳು. "ತಪ್ಪಾಯ್ತು ತಾತ. ಏನಾದ್ರೂ ದಾರಿ ಹೇಳು."

ತಾತ ಪೆಟ್ಟಿಗೆಯ ತಳದಿಂದ ಹಳೆಯ ನೋಟ್‌ಬುಕ್ಕು ತೆಗೆದ. "ಇದು ನನ್ನದೇ ಕೈಬರಹ. ಬರೆದ ನೆನಪೇ ಇಲ್ಲ," ಎಂದು ಪಿಸುದನಿಯಲ್ಲಿ ಓದಿದ. 'ಹಾಸಿದ ಕೈ ಒಂದೇ ಮರೆಯುವುದಿಲ್ಲ. ಬೇರೆ ಮುಖ ಸಿಗದೆ ಅದು ಹಿಡಿದ ಮುಖ ಬಿಡುವುದಿಲ್ಲ. ಹಾಸಿದವರು ತಮ್ಮ ಮುಖ ಕೊಟ್ಟರೆ ಬಿಡುತ್ತದೆ. ಆ ಕುರ್ಚಿಯಲ್ಲಿದ್ದವರು ಹಾಗೇ ಕೊಟ್ಟರು.'

ಪಟಾಕಿ ನೋಟ್‌ಬುಕ್ಕು ತೆಗೆದುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಒಳಗೆ ಹೋಗಿ ಕೂತು ಕೂಡಿಸದೆ ಉಳಿದಿದ್ದ ಫೋಟೋ ತೆರೆದಳು.

"ಸರಿಹೋಗತ್ತೇನೇ?" ಅಕ್ಕ ಅವಳ ಭುಜದ ಮೇಲೆ ಕೈಯಿಟ್ಟಳು.

"ಹೋಗತ್ತೆ ಅಕ್ಕಾ. ಎರಡು ನಿಮಿಷ."

ಅಕ್ಕನ ಹಣೆಯಿಂದ ಒರೆಸಿದಳು. ಒರೆಸಿದಷ್ಟೂ ಟೆಕ್ಸ್ಚರಿನ ಬಿರುಕು ಮತ್ತೆ ಮೂಡಿತು. ಅದನ್ನು ಫೋಟೋದಲ್ಲಿದ್ದ ತನ್ನ ಹಣೆಗೆ ಬಳಿದಳು. ಅಕ್ಕನ ಹಣೆ ತಿಳಿಯಾಯಿತು. ಹೀಗೋ! ಅಕ್ಕನ ಕೆನ್ನೆ. ತನ್ನ ಕೆನ್ನೆ. ಎಣ್ಣೆಯ ವಾಸನೆ ಗಂಟಲಿಗಿಳಿಯಿತು. ಮೌಸು ಜಿಡ್ಡಾಯಿತು. ಕರೆಂಟು ಹೋಯಿತು. ಯುಪಿಎಸ್ ಕುಂಯ್ ಎಂದಿತು. ಕತ್ತಲೆಯಲ್ಲಿ ಎರಡೇ ಮುಖ. ಬೆನ್ನ ಹಿಂದೆ ಯಾರದೋ ಅಂಗೈ ಬಟ್ಟೆಗೆ ಉಜ್ಜುವ ಸದ್ದು. ಸರಕ್. ಸರಕ್. ತಿರುಗಬಾರದು. ಇನ್ನು ಕಣ್ಣು ಮಾತ್ರ ಬಾಕಿ. ಕೈ ನಿಂತಿತು. ನಾಳೆ ಅಮ್ಮ ಬಾಗಿಲು ತೆರೆದು ನನ್ನನ್ನೂ ಯಾರು ಬೇಕಿತ್ತಮ್ಮಾ ಅಂತಾಳೆ. ಬೇಡ, ನನ್ನ ಕೈಲಾಗಲ್ಲ. ಯುಪಿಎಸ್ ಮತ್ತೆ ಕೂಗಿತು. ಆರಿಹೋದರೆ ಎಲ್ಲ ಮುಗಿಯಿತು.

"ಏಯ್, ನಿನ್ನ ಮುಖಕ್ಕೆ ಯಾಕೇ ಬಳೀತಿದೀಯ?" ಅಕ್ಕನಿಗೆ ಅರ್ಥವಾಗಿಬಿಟ್ಟಿತು. ಮಣಿಕಟ್ಟು ಹಿಡಿದುಕೊಂಡಳು. "ಬೇಡ್ವೇ! ನಾನು ಹೇಗೋ ಇರ್ತೀನಿ. ಬೇಡ ಪಟಾಕಿ, ಬೇಡ..."

ಅಕ್ಕನ ಹಿಡಿತದಲ್ಲೇ ಪಟಾಕಿ ಮೌಸು ಎಳೆದಳು. ಒರೆಸಿದಳು. ಬಳಿದಳು. ಕೂಡಿಸಿ ಸೇವ್ ಒತ್ತಿದಳು.

ಕಂಪ್ಯೂಟರ್ ಆರಿತು. ಮಣಿಕಟ್ಟಿನ ಮೇಲಿದ್ದ ಹಿಡಿತ ಮೆಲ್ಲಗೆ ಸಡಿಲವಾಯಿತು. ಕರೆಂಟು ಬಂದಾಗ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು.

"ಸಾರಿ," ಎಂದಳು, ಸಂಕೋಚದಿಂದ. "ಯಾಕೆ ನಿಮ್ಮ ಕೈ ಹಿಡ್ಕೊಂಡೆ ಅಂತ ಗೊತ್ತಾಗ್ಲಿಲ್ಲ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅಮ್ಮ. ಹೆಸರು ಹಿಡಿದು ಕರೆಯುತ್ತಿದ್ದಳು, ಎಲ್ಲಿ ಹೋದೆಯೇ, ಅಳಿಯ ಹುಡುಕುತ್ತಿದ್ದಾನೆ ಎನ್ನುತ್ತಿದ್ದಳು. ಅಕ್ಕ ಅಳುತ್ತಳುತ್ತಲೇ ನಕ್ಕಳು. "ಸ್ಟುಡಿಯೋದಲ್ಲಿದೀನಮ್ಮಾ. ಇಲ್ಲ, ಜೊತೆಗೆ ಯಾರೂ ಇಲ್ಲ, ಒಬ್ಬಳೇ ಬಂದೆ."

ಫೋನಿಟ್ಟು ಹೊರಟವಳು ಬಾಗಿಲಲ್ಲಿ ನಿಂತಳು. ಅಕ್ಕ ಯಾವತ್ತೂ ಹಾಗೇ. ಯಾರಾದರೂ ಅಳುತ್ತಿದ್ದರೆ ಬಿಟ್ಟು ಹೋಗುವವಳಲ್ಲ. ವಾಪಸು ಬಂದು ಪಕ್ಕದಲ್ಲಿ ಕೂತು ಕರವಸ್ತ್ರ ಕೊಟ್ಟಳು.

"ಯಾಕೆ ಇಷ್ಟು ಅಳ್ತಿದೀರ? ನಿಮ್ಮ ಮನೇವ್ರ ನಂಬರ್ ಹೇಳಿ, ನಾನೇ ಫೋನ್ ಮಾಡಿ ಕರೆಸ್ತೀನಿ."

ಪಟಾಕಿಗೆ ಬಾಯಿಪಾಠವಿದ್ದದ್ದು ಎರಡೇ ನಂಬರು. ಒಂದು ಅಮ್ಮನದು. ಇನ್ನೊಂದು ಅಕ್ಕನ ಕೈಯಲ್ಲಿದ್ದ ಆ ಫೋನಿನದು.