ಕಾಲಡಿಯ ನೀರು

ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಕನ್ನಡಿಯಲ್ಲಿ ಬಿಳಿ ಪಿಕಪ್. ಎರಡು ತಿರುವು ಕೆಳಗೆ.

ನಮ್ಮನ್ನು ಮೊದಲು ಯಾವುದು ನಿಲ್ಲಿಸುತ್ತದೆ ಎನ್ನುವುದಷ್ಟೇ ಉಳಿದ ಪ್ರಶ್ನೆ.

"ಅವನೇನಾ?"

ನಿಯೇವೆಸ್ ತಿರುಗಿ ನೋಡಲಿಲ್ಲ. "ಅವನೇ ಅಕ್ಕ. ಹಾರ್ನ್ ಕೇಳಿದ್ರೇ ಗೊತ್ತಾಗತ್ತೆ."

ನನ್ನ ಕೆಲಸ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ನಾನು ಬಸೀಲಿಯಾ ಕಿಸ್ಬೆರ್ಟ್. ಯುಂಗಾಸ್ ಕಣಿವೆಯಿಂದ ಹೆಂಗಸರನ್ನು ಹತ್ತಿಸಿಕೊಂಡು, ಘಟ್ಟದ ನೆತ್ತಿ ದಾಟಿಸಿ, ಲಾ ಪಾಸ್ ನಗರಕ್ಕೆ ಬಿಡುತ್ತೇನೆ. ಗಂಡಂದಿರು ಅಟ್ಟಿಸಿಕೊಂಡು ಬರುವಂಥ ಹೆಂಗಸರನ್ನು. ಇವತ್ತಿನವಳು ನಿಯೇವೆಸ್. ತುಂಬು ತೋಳಿನ ಸ್ವೆಟರ್, ಮಡಿಲಲ್ಲಿ ಕಿತ್ತಳೆಯ ಗಂಟು. ಸೆಖೆಯ ಕಣಿವೆಯಲ್ಲೂ ಆ ತೋಳನ್ನು ಅವಳು ಮೇಲೇರಿಸಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳುವುದಿಲ್ಲ.

ಕಾರು ಬೆಳಗಿನಿಂದ ನೀರು ಕುಡಿಯುತ್ತಿತ್ತು. ಝರಿ ಕಂಡಲ್ಲೆಲ್ಲ ನಿಲ್ಲಿಸಿ, ಎಂಜಿನ್ ತಣಿಯಲು ಬಿಟ್ಟು, ರೇಡಿಯೇಟರ್ ತುಂಬಿಸಿದೆ. ಮತ್ತೆ ಖಾಲಿ. ಕಾರಿನಡಿ ಮಲಗಿ ನೋಡಿದೆ. ಒಂದು ಹನಿಯೂ ಬಿದ್ದಿಲ್ಲ. ಪೈಪುಗಳು ಒಣ. ಹಿಂದಿನ ಹೊಗೆಯೂ ಬೆಳ್ಳಗಿಲ್ಲ. ಗಾಜು ಮಾತ್ರ ಒಳಗಿನಿಂದ ಮಂಜು ಹಿಡಿಯುತ್ತಿತ್ತು. ಸಿಹಿ ವಾಸನೆಯೊಂದು ಸುಳಿಯುತ್ತಿತ್ತು... ಕಿತ್ತಳೆ ಎಂದುಕೊಂಡೆ.

ಏರು ಶುರುವಾದಾಗ ಇಲ್ಲಿನ ಡ್ರೈವರುಗಳೆಲ್ಲ ಮಾಡುವುದನ್ನೇ ಮಾಡಿದೆ. ಹೀಟರ್ ಪೂರ್ತಿ ತಿರುಗಿಸಿದೆ. ಎಂಜಿನ್ನಿನ ಕಾವು ಒಂದಿಷ್ಟು ಒಳಗೆ ಬಂದರೆ ಮುಳ್ಳು ಇಳಿಯುತ್ತದೆ.

ಇಳಿಯಲಿಲ್ಲ.

ನೆತ್ತಿಯ ಮೇಲೆ, ಕಲ್ಲುಗುಡ್ಡೆಯ ಪಕ್ಕ, ಕಾರು ತಾನಾಗಿಯೇ ನಿಂತಿತು. ಭೂತಾಯಿ ಪಾಚಮಾಮಾಗೆ ಎಲ್ಲರೂ ಮದ್ಯ ಸುರಿದು ಮುಂದೆ ಹೋಗುವ ಜಾಗ ಅದು. ಹಿಮದ ಗಾಳಿ. ಬಾನೆಟ್ ಎತ್ತಿದೆ. ಹಬೆ.

"ಇಳಿ ಮಗಳೇ. ಸ್ವಲ್ಪ ಹೊತ್ತು ಕಾಯಬೇಕು."

ಅವಳು ಇಳಿದಳು. ನಡೆದಾಗ ಪಚಪಚ ಸದ್ದಾಯಿತು.

ಅವಳ ಶೂ ನೋಡಿದೆ. ಅವಳು ಕೂತಿದ್ದ ಕಡೆಯ ಮ್ಯಾಟ್ ಎತ್ತಿದೆ. ಕಾರ್ಪೆಟ್ ಹಿಂಡಿದರೆ ಬಿಸಿನೀರು ಸುರಿಯಿತು. ಒಡೆದಿದ್ದು ಹೀಟರಿನ ಒಳಗಿನ ಪುಟ್ಟ ರೇಡಿಯೇಟರ್; ಆ ಸಿಹಿ ವಾಸನೆ ಅದರ ಕೂಲೆಂಟಿನದು. ನೀರೆಲ್ಲ ರಸ್ತೆಗಲ್ಲ, ಅವಳ ಕಾಲ ಮೇಲೆ ಸುರಿದಿತ್ತು. ಹೀಟರ್ ಹಾಕಿ ನಾನೇ ಇನ್ನಷ್ಟು ಸುರಿಸಿದ್ದೆ.

"ಯಾವಾಗಿಂದ?"

"ಬೆಳಗ್ಗೆಯಿಂದ."

"ಬಿಸಿ ಇರಲಿಲ್ವಾ?"

"ಇತ್ತು."

"ಮತ್ತೆ ಬಾಯಿ ಬಿಡಬಾರದಾ?"

ಅವಳು ಶೂ ಬಿಚ್ಚಿ ಎಂಜಿನ್ನಿನ ಪಕ್ಕದ ಕಲ್ಲಿನ ಮೇಲಿಟ್ಟಳು. ಪಾದಗಳು ಕೆಂಪಾಗಿದ್ದವು. "ನಾನೇ ಏನೋ ಒದ್ದು ಮುರಿದೆ ಅನ್ಕೊಂಡೆ ಅಕ್ಕ. ನೀವು ಬೈತೀರಿ ಅಂತ..."

ನಾನು ಮೂವತ್ತು ವರ್ಷ ಗಂಡನ ಬೈಗುಳ ತಿಂದ ಹೆಂಗಸು.

ಪಿಕಪ್ ಬಂದು ನಿಂತಿತು.

ಅವಳ ಗಂಡ ರುಫೀನೊ ಇಳಿದ. ಅಗಲ ಮುಖ, ಇಸ್ತ್ರಿ ಅಂಗಿ. ನಮ್ಮ ಕಡೆ ನೋಡಲೂ ಇಲ್ಲ. ಟೋಪಿ ತೆಗೆದ. ಬಾಟಲಿ ಹಿಡಿದು ಕಲ್ಲುಗುಡ್ಡೆ ಸುತ್ತಿ ನಾಲ್ಕೂ ಮೂಲೆಗೆ ಮದ್ಯ ಸುರಿದ. ತಾಯಿ ಕಾಪಾಡು ಎಂದ. ಪಾಪ, ಭಕ್ತ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಹತ್ತು."

ಅವಳು ಕದಲಲಿಲ್ಲ. ಹತ್ತಲೂ ಇಲ್ಲ.

"ಅವಳು ನನ್ನ ಜೊತೆ ಬರ್ತಾಳೆ," ಎಂದೆ. ಜೇಬಿನಲ್ಲಿ ಸ್ಪ್ಯಾನರ್ ಇತ್ತು. ಅವನ ತೋಳು ನನ್ನ ತೊಡೆಯಷ್ಟಿತ್ತು. ಲೆಕ್ಕ ಸುಲಭ.

"ಈ ಡಬ್ಬದಲ್ಲಾ?" ಅವನು ನಕ್ಕ. "ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಹೀಗೇ. ನೀರೇ ಹಾಕಿಲ್ಲ ಅನ್ಸತ್ತೆ."

"ಹಾಕಿದೀನಿ. ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಒಳಗೆ ಕುದೀತಿದೆ."

ಅವನು ಬೆರಳಿನಿಂದ ಮುಚ್ಚಳ ತಟ್ಟಿದ. "ತಣ್ಣಗಿದೆ ಅಜ್ಜಿ."

ಹಿಮದ ಗಾಳಿಗೆ ಲೋಹ ಮೇಲಷ್ಟೇ ತಣ್ಣಗಾಗುತ್ತದೆ. ಕಣಿವೆಯಲ್ಲೇ ಗಾಡಿ ಓಡಿಸುವವನಿಗೆ ಅದು ಗೊತ್ತಿರುವುದಿಲ್ಲ. ನನಗೆ ಗೊತ್ತು. ಇನ್ನೂ ಒಂದು ಗೊತ್ತು. ಇಂಥ ಗಂಡಸಿಗೆ ಹೆಂಗಸು ಬೇಡ ಅಂದರೆ ಅವನ ಕೈ ಅಲ್ಲಿಗೇ ಹೋಗುತ್ತದೆ.

"ಬೇಡ ಅಂದೆನಲ್ಲ," ಎಂದೆ. ಮೆಲ್ಲಗೆ. "ನಿಮಗೆ ಆಗಲ್ಲ ಅದು."

ತಿರುಗಿಸಿದ.

ಕುದಿನೀರು ಕಂಬದಂತೆ ಎದ್ದಿತು. ಅವನು ಮೊಣಕಾಲೂರಿ ಬಿದ್ದ. ಕೈ, ಕುತ್ತಿಗೆ, ಒಂದು ಕೆನ್ನೆ. ಅಮ್ಮಾ ಎಂದು ಕೂಗಿದ. ಚಿಕ್ಕ ಮಗುವಿನ ದನಿ.

ನನ್ನ ಲೆಕ್ಕ ಅಲ್ಲಿಯವರೆಗೆ ಸರಿಯಿತ್ತು.

"ಪಿಕಪ್ಪಿನಲ್ಲಿ ನೀರಿರತ್ತಾ?" ನಿಯೇವೆಸ್‌ಳನ್ನು ಕೇಳಿದೆ.

"ಯಾವಾಗ್ಲೂ ಇರತ್ತೆ."

"ತಗೊಂಡು ಬಾ. ಎರಡು ಪೈಪ್ ತಿರುಗಿಸಿ ಕಟ್ಟಿದ್ರೆ ಹೊರಡಬಹುದು. ಹಿಂದೆ ಯಾವ್ದಾದ್ರೂ ಲಾರಿ ಬರತ್ತೆ, ಇವನನ್ನ ಅವರು ನೋಡ್ಕೋತಾರೆ. ಲಾ ಪಾಸ್‌ನಲ್ಲಿ ನಿನ್ನ ಅಕ್ಕ ಸೂಪ್ ಮಾಡಿಟ್ಟು ಕಾಯ್ತಿರ್ತಾಳೆ."

ಅವಳು ಕ್ಯಾನ್ ತಂದು ನನ್ನ ಕಾಲ ಬಳಿ ಇಟ್ಟಳು. ಆಮೇಲೆ ಬರಿಗಾಲಲ್ಲೇ ರಸ್ತೆಯಂಚಿಗೆ ಹೋಗಿ, ಶಾಲಿನ ತುಂಬ ಹಿಮ ತುಂಬಿಕೊಂಡು, ಅವನ ಪಕ್ಕ ಕೂತಳು. ಕೆನ್ನೆಗೆ ಒತ್ತಿದಳು. ಅವನು ಅವಳ ತೋಳು ಹಿಡಿದುಕೊಂಡ. ಅವಳು ನೋವಿನಿಂದ ಮುಖ ಕಿವುಚಿದಳು. ತೋಳು ಬಿಡಿಸಿಕೊಳ್ಳಲಿಲ್ಲ.

"ನಿಯೇವೆಸ್."

"ಇವನ ಕೈಲಿ ಸ್ಟೇರಿಂಗ್ ಹಿಡಿಯೋಕಾಗಲ್ಲ ಅಕ್ಕ."

"ಆಗದಿರ್ಲಿ. ನಿನಗೇನು?"

"ಅಳ್ತಿದಾನೆ." ಅವಳ ದನಿಯಲ್ಲಿ ಪ್ರೀತಿ ಇರಲಿಲ್ಲ. ಬೆರಗಿತ್ತು. "ಒಂದಿನಾನೂ ಅತ್ತಿರ್ಲಿಲ್ಲ. ನನ್ನ ಹತ್ರ ಏನೂ ಕೇಳಿರ್ಲಿಲ್ಲ... ಇವತ್ತು ಕೇಳ್ತಿದಾನೆ."

ಆ ಬೆರಗು ನನಗೆ ಗೊತ್ತು. ನನ್ನ ಮೂವತ್ತು ವರ್ಷದಲ್ಲಿ ಹನ್ನೊಂದು ಅದರಿಂದ ಹೊರಬರಲಿಕ್ಕೇ ಹಿಡಿದಿತ್ತು.

ಅವನನ್ನು ಎಬ್ಬಿಸಿ ಪಿಕಪ್ಪಿನಲ್ಲಿ ಕೂರಿಸಿದಳು. ತಾನು ಡ್ರೈವರ್ ಸೀಟಿಗೆ ಹತ್ತಿದಳು.

"ನಿನಗೆ ಓಡ್ಸೋಕೆ ಬರತ್ತಾ?" ಎಂದೆ. ಅವನೂ ಅದನ್ನೇ ಕೇಳುವವನಂತೆ ಅವಳನ್ನು ನೋಡುತ್ತಿದ್ದ.

"ಅಪ್ಪನ ಲಾರೀಲಿ ಕಲ್ತಿದ್ದೆ. ಮದುವೆ ಆದ್ಮೇಲೆ ಯಾರೂ ಕೇಳ್ಲಿಲ್ಲ."

ಗೇರ್ ಹಾಕಿದಳು. ಸದ್ದೇ ಇಲ್ಲ, ಬೆಣ್ಣೆಯಂತೆ. ಪಿಕಪ್ ನೆತ್ತಿ ದಾಟಿ ಲಾ ಪಾಸ್ ಕಡೆಗೆ ಇಳಿಯಿತು, ಆಸ್ಪತ್ರೆಗೆ. ಅವಳಿಗೆ ನಾನು ಮಾತು ಕೊಟ್ಟಿದ್ದ ಊರಿಗೇ.

ಹೀಟರಿನ ಎರಡು ಪೈಪು ಕಿತ್ತು ಒಂದಕ್ಕೊಂದು ಸೇರಿಸಿ ಬಿಗಿದೆ. ಎಂಜಿನ್ ತಣಿಯುವವರೆಗೆ ಕಲ್ಲುಗುಡ್ಡೆಗೆ ಒರಗಿ ಕೂತೆ. ಅವನ ಕ್ಯಾನಿನ ನೀರು ಸುರಿದೆ. ಅವಳ ಶೂ ಅಷ್ಟರಲ್ಲಿ ಒಣಗಿತ್ತು. ಪಕ್ಕದ ಸೀಟಿನ ಮೇಲೆ, ಕಿತ್ತಳೆ ಗಂಟಿನ ಜೊತೆ ಇಟ್ಟುಕೊಂಡೆ. ಅವಳ ಅಕ್ಕನಿಗೆ ಏನಾದರೂ ಕೊಡಬೇಕಲ್ಲ.

ಇಳಿಜಾರಿನ ಉದ್ದಕ್ಕೂ ಮುಳ್ಳು ನಡುಗೆರೆ ಬಿಟ್ಟು ಕದಲಲಿಲ್ಲ. ಕಾರು ಅಷ್ಟು ಚೆನ್ನಾಗಿ ಓಡಿ ವರ್ಷಗಳೇ ಆಗಿದ್ದವು... ಒಳಗೆ ದಾಟಿಸುವುದಕ್ಕೆ ಯಾರೂ ಇರಲಿಲ್ಲ, ಅಷ್ಟೆ.