ಬಿಳಿ ಉಣ್ಣೆಯ ಗುರುತು

"ಸಹಿ ಹಾಕಿದ ಕೈ ಇದ ಅಲ್ಲೇನ್ರಿ?"

ಸನಮಡಿಯ ಕುರಿದೊಡ್ಡಿಯ ಮುಂದೆ ನಿಂತಿದ್ದ ಅಣ್ಣಾರಾಯನ ಬಲಗೈಯನ್ನೇ ನೋಡುತ್ತ ದುಂಡವ್ವ ಕೇಳಿದಳು. ಆ ಕೈಯಲ್ಲಿ ದಪ್ಪನೆಯ ಕಾಗದದ ಕಟ್ಟಿತ್ತು. ಎಂಟು ದಿನದಿಂದ ಯಾರನ್ನು ನೆನೆಸಬಾರದು ಎಂದು ಹಟ ಹಿಡಿದಿದ್ದಳೋ, ಅವನೇ!

ಎದೆ ಡವಡವ ಎಂದಿತು. ಹಾಳು ಎದೆ! ಸಿಟ್ಟು ಬಂದಾಗಲೂ ಅದಕ್ಕೆ ಅದೇ ಕೆಲಸ.

"ಹೌದ್ರಿ. ಬೈಯೂದಿದ್ರ ಆಮ್ಯಾಲ ಬೈರಿ. ಇವತ್ತ ಸಂಜಿ ಐದಕ್ಕ ಪುಣೆದಾಗ ನಮ್ಮ ಸಾಹೇಬ್ರು ನಿಮ್ಮನ್ನ ಕೆಲಸದಿಂದ ತಗಿಯಾಕತ್ತಾರ. ಎರಡು ಗಂಟೆ ಬಸ್ಸು ಬರೂದ್ರೊಳಗ ಪ್ರೋಗ್ರಾಮಿನ ತಪ್ಪು ಸಿಕ್ಕರ ಜತ್ತದ ಪೋಸ್ಟ್ ಆಫೀಸಿನಿಂದ ಪುಣೆಕ್ಕ ಫೋನ್ ಮಾಡಬಹುದು."

ಅದು ಸಾವಿರದ ಒಂಬೈನೂರ ಎಪ್ಪತ್ತೆಂಟು. ಕುರಿಗಾರ ವಿಠೋಬನ ಮಗಳು ದುಂಡವ್ವ, ಉಮದಿಯ ಬಟ್ಟೆ ವ್ಯಾಪಾರಿಯ ಮಗ ಅಣ್ಣಾರಾಯ. ಇಬ್ಬರಿಗೂ ಪುಣೆಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ. ಅಲ್ಲಿ ಕನ್ನಡ ಮಾತಾಡುವವರು ಅವರಿಬ್ಬರೇ. ಎರಡು ವರ್ಷ ಒಂದೇ ಮೇಜಿನಲ್ಲಿ ಚಹಾ ಕುಡಿದು, ಮನಸ್ಸು ಎಲ್ಲಿ ಜಾರಿತೋ ಅವಳಿಗೇ ತಿಳಿಯಲಿಲ್ಲ.

ಕಂಪ್ಯೂಟರಿನ ಡಿಸ್ಕಿನಲ್ಲಿ ಬ್ಲಾಕ್ ಎಂಬ ಪುಟ್ಟ ಪುಟ್ಟ ಖಾನೆಗಳು. ಯಾವುದಾದರೂ ಫೈಲಿಗೆ ಜಾಗ ಬೇಕಾದರೆ ಖಾಲಿ ಬ್ಲಾಕ್ ಹುಡುಕಿ ಕೊಡುವುದು ದುಂಡವ್ವ ಬರೆದ ಪ್ರೋಗ್ರಾಂ. ಆದರೆ ಒಂದು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ಒಂದೇ ಬ್ಲಾಕ್ ಎರಡು ಫೈಲುಗಳ ಪಾಲಾಗುತ್ತಿತ್ತು. ಒಬ್ಬರ ಮಳೆಯ ಅಂಕಿಗಳ ಮೇಲೆ ಇನ್ನೊಬ್ಬರ ಸೇತುವೆಯ ಲೆಕ್ಕ ಬಂದು ಕೂರುತ್ತಿತ್ತು! ತಪ್ಪು ದುಂಡವ್ವನದು ಎಂದು ವರದಿಯಾಯಿತು. ಕೆಳಗೆ ಅಣ್ಣಾರಾಯನ ಸಹಿ. ಅಂದೇ ಅವಳು ರಜೆ ಹಾಕಿ ಊರಿಗೆ ಬಂದುಬಿಟ್ಟಿದ್ದಳು.

'ಕೆಲಸ ಹೋದರೆ, ನಾಡಿದ್ದು ಹೆಣ್ಣು ನೋಡಲು ಬರುವ ಕುಣಿಕೋಣೂರಿನವರ ಮುಂದೆ ತಲೆ ಬಗ್ಗಿಸಿ ಕೂರುವುದೇ ನನ್ನ ಗತಿ...'

"ಯಾಕ ಸಹಿ ಹಾಕಿದ್ರಿ?"

"ಬ್ಲಾಕ್ ಕೊಟ್ಟದ್ದು ನಿಮ್ಮ ಭಾಗ. ಕಂಡದ್ದು ಬರದೆ. ಆದ್ರ ನೀವು ಅಂಥಾ ತಪ್ಪು ಮಾಡೂದು... ನಂಗ ನಿದ್ದಿ ಬರಲಿಲ್ರಿ."

ದುಂಡವ್ವ ನೆಲದ ಮೇಲೆ ಕಂಬಳಿ ಹಾಸಿದಳು. ಪ್ರೋಗ್ರಾಂ ಅಚ್ಚಾದ ಕಾಗದಗಳನ್ನು ಹರಡಿ, ಗಾಳಿಗೆ ಹಾರದಂತೆ ಕಲ್ಲು ಇಟ್ಟರು. ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಹನ್ನೆರಡಾಯಿತು. ಒಂದಾಯಿತು. ಎಲ್ಲವೂ ಸರಿಯೇ ಇತ್ತು!

ಅಷ್ಟರಲ್ಲಿ ದೊಡ್ಡಿಯ ಕಡೆ ಜಗಳ ಎದ್ದಿತು.

"ಇವತ್ತ ರಾತ್ರಿ ಕುರಿ ನನ್ನ ಹೊಲದಾಗ ಅಂತ ಮಾತು ಕೊಟ್ಟೀದಿ!" ರೈತ ಮಲಕಾಜಪ್ಪ ವಿಠೋಬನ ಮೇಲೆ ಕೂಗಿದ.

"ನಂಗೂ ಕೊಟ್ಟಾನ!" ಗುರಪ್ಪನೂ ಬಿಡಲಿಲ್ಲ.

ಹಿಂಡು ಒಂದು ರಾತ್ರಿ ತಂಗಿದರೆ ಹೊಲಕ್ಕೆಲ್ಲ ಗೊಬ್ಬರ. ಅದಕ್ಕೇ ರೈತರ ಪೈಪೋಟಿ. ವಿಠೋಬನ ಸೊಂಟದಲ್ಲಿ ಒಂದು ಹುರಿ. ಅಮಾವಾಸ್ಯೆವರೆಗಿನ ಒಂದೊಂದು ರಾತ್ರಿಗೆ ಒಂದೊಂದು ಗಂಟು. ಮಾತು ಕೊಟ್ಟ ರಾತ್ರಿಯ ಗಂಟಿಗೆ ಬಿಳಿ ಉಣ್ಣೆ ಸುತ್ತುವುದು ಅವನ ರೂಢಿ.

ವಿಠೋಬ ಹುರಿ ಹಿಡಿದು ತಲೆ ತಗ್ಗಿಸಿದ. "ಮುಂಜಾನಿ ಬಾವಿ ಹತ್ರ ಮಲಕಾಜಪ್ಪಗ ಹ್ಞೂಂ ಅಂದೆ. ಮನಿಗೆ ಹೋಗಿ ಉಣ್ಣಿ ಸುತ್ತೂಣು ಅಂತ ಬಿಟ್ಟೆ. ದಾರ್ಯಾಗ ಗುರಪ್ಪ ಕೇಳಿದ. ಮೊದ್ಲಿನ ಮಾತು ಮರತಿದ್ದೆ; ಹುರಿ ನೋಡಿದೆ, ಇವತ್ತಿನ ಗಂಟು ಖಾಲಿ ಇತ್ತು. ಅವಗೂ ಹ್ಞೂಂ ಅಂದೆ. ತಪ್ಪು ನಂದು."

ದುಂಡವ್ವ ಹುರಿಯ ಆ ಖಾಲಿ ಗಂಟನ್ನು ನೋಡಿದಳು. ಓಡಿ ಬಂದು ಕಾಗದದ ಮೇಲೆ ಬೆರಳಿಟ್ಟಳು.

"ನೋಡ್ರಿ ಇಲ್ಲೆ! ಖಾಲಿ ಬ್ಲಾಕ್ ಹುಡುಕ್ತೀನಿ. ಡಿಸ್ಕು ಅದನ್ನ ಅಳಿಸಿ ಮುಗಿಸೂತನಕ ಕಾಯ್ತೀನಿ. ಆಮ್ಯಾಲ 'ಕೊಟ್ಟಾತು' ಅಂತ ಗುರುತು ಹಾಕ್ತೀನಿ. ಆ ನಡುವ ಇನ್ನೊಂದು ಫೈಲು ಬಂದು ಕೇಳಿದ್ರ?... ಆದ್ರ ಬರಾಕ ಆಗಂಗಿಲ್ಲಲ್ಲ! ಡಿಸ್ಕಿನ ಪ್ರೋಗ್ರಾಂ ಬರದವ್ರು ನೀವು. ಕಾಯೂ ಹೊತ್ತಿನ್ಯಾಗ ಮಷಿನ್ ಬ್ಯಾರೆ ಕೆಲಸಕ್ಕ ಹೋಗಂಗಿಲ್ಲ ಅಂತ ನೀವ ಹೇಳಿದ್ರಿ."

ಅಣ್ಣಾರಾಯನ ಮುಖ ಬಿಳುಚಿತು.

"ಹೋದ ತಿಂಗಳು ಬದಲಿ ಮಾಡೇನ್ರಿ... ಕಾಯೂ ಹೊತ್ತಿನ್ಯಾಗ ಮಷಿನ್ ಸುಮ್ನ ಕುಂದ್ರಬಾರದು, ಬ್ಯಾರೆ ಕೆಲಸಕ್ಕ ಹೋಗಲಿ ಅಂತ. ನಿಮಗ ಹೇಳಲಿಲ್ಲ."

"ದಿನಾ ಎದುರು ಕುಂತು ಚಹಾ ಕುಡದ್ವಿ. ಒಂದು ಮಾತು ಹೇಳಾಕ ಆಗಲಿಲ್ಲ?" ಅವಳು ಕೇಳಿದಳು. ಎಂಟು ದಿನದ ಅವಮಾನವೆಲ್ಲ ಕಣ್ಣಲ್ಲಿ ತುಂಬಿತು.

"ತಪ್ಪು ನಂದು. ಫೋನಿನ್ಯಾಗ ಅದನ್ನ ಮೊದ್ಲು ಹೇಳ್ತೀನಿ. ನನ್ನ ಕೆಲಸ ಹೋದ್ರ ಹೋಗಲಿ." ಅವನು ಕಾಗದ ಸುತ್ತಿಕೊಂಡ, ಹೆಜ್ಜೆ ಮಾತ್ರ ಎತ್ತಲಿಲ್ಲ. "ಇನ್ನೊಂದು ಮಾತೂ ಎರಡು ವರ್ಷದಿಂದ ಹೇಳಿಲ್ರಿ. ನೀವಂದ್ರ ನಂಗ ಜೀವ. ಮನಸಿನಾಗ ಇಟಗೊಂಡು ಕಾದೆ."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು.

"ಮನಸಿನಾಗ ಇಟಗೊಂಡ್ರ ಅಪ್ಪಗ ಹೆಂಗ ಗೊತ್ತಾಗಬೇಕು? ನಾಡಿದ್ದು ಕುಣಿಕೋಣೂರವರು ಬರಾಕತ್ತಾರ!"

ಅಣ್ಣಾರಾಯ ನೇರ ವಿಠೋಬನ ಎದುರು ಹೋಗಿ ಕೈ ಮುಗಿದ. "ಕಾಕಾ, ನಿಮ್ಮ ಮಗಳನ್ನ ಕೇಳಾಕತ್ತೇನ್ರಿ. ನಮ್ಮ ಮನ್ಯಾಗ ಒಪ್ಪಸೂದು ನನ್ನ ಜವಾಬ್ದಾರಿ."

ವಿಠೋಬ ಹುರಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ. "ನನ್ನ ಮಾತಿನ ಗತಿ ಈಗ ಕಂಡ್ರಲ್ಲ ಸಾವಕಾರ್ರ. ಅಕಿನ್ನ ಕೇಳ್ರಿ," ಎಂದ.

ದುಂಡವ್ವ ದೊಡ್ಡಿಯ ಬೇಲಿಗೆ ತೂಗುಹಾಕಿದ್ದ ಅಪ್ಪನ ಚೀಲದಿಂದ ಒಂದೆಳೆ ಬಿಳಿ ಉಣ್ಣೆ ಎಳೆದಳು. ಸಹಿ ಹಾಕಿದ ಅದೇ ಕೈಯ ಮಣಿಕಟ್ಟಿಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

"ಫೋನಿನ್ಯಾಗ ಪುಣೆಕ್ಕೂ ಇದನ್ನ ಹೇಳ್ರಿ. ಮೊದ್ಲು ಗುರುತು. ಆಮ್ಯಾಲ ಕಾಯೂದು."

"ಎಷ್ಟು ದಿನ ಕಾಯಲಿ?"

"ಸೋಮವಾರ ಚಹಾಕ್ಕ ಬರ್ತೀನಿ..." ಕಣ್ಣೊರೆಸಿಕೊಂಡು ಅವಳು ನಕ್ಕಳು. "ಓಡ್ರಿ ಲಗೂನ, ಬಸ್ಸು ಬಂತು!"